ಹದಿನೈದನೆಯ ಕುಳಿಯ ಜೇಕು

ಕಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿಗೆ ಕಾಯುತ್ತಿರಲಿ, ಮದುವೆ ಚಪ್ಪರದ ಕೆಳಗೆ ನಿಂತಿರಲಿ, ಕಾಲ ಬುಡದಲ್ಲಿ ಒಂದು ಜೇಕಿನ ಕಡ್ಡಿ ಕಂಡರೆ ಸಾಕು, ಬಗ್ಗಿ ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಮಡಿಲಿಗೆ ಸಿಕ್ಕಿಸಿಕೊಂಡ ಮೇಲೇ ನನಗೆ ಸಮಾಧಾನ. ಗದ್ದೆಯಲ್ಲಿ ಹುಟ್ಟಿ ಬೆಳೆದವರಿಗೆ ಇದೇನು ವಿಶೇಷವಲ್ಲ. ಆದರೆ ಇದೇ ಚಾಳಿಯಿಂದ ನಾನು ಒಬ್ಬ ಹೆಣ್ಣುಮಗಳ ಬದುಕಿಗೇ ಕಲ್ಲು ಹಾಕಲು ಹೊರಟಿದ್ದೆ.

ನಮ್ಮೂರು ಚಿಕ್ಕರಸಿನಕೆರೆಯ ಪಕ್ಕದಲ್ಲಿದೆ. ನನ್ನನ್ನು ಮದುವೆ ಮಾಡಿಕೊಟ್ಟಿದ್ದೂ ಅದೇ ಊರಿಗೆ, ಅಪ್ಪನ ಮನೆಯಿಂದ ಎರಡು ಬೀದಿ ಆಚೆಗೆ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಗಾಲ್ಫ್ ಮೈದಾನ ಆದಾಗ, ಅಲ್ಲಿ ಕಳೆ ಕೀಳುವ ಕೆಲಸಕ್ಕೆ ನಮ್ಮ ಬೀದಿಯಿಂದ ಆರು ಹೆಂಗಸರು ಸೇರಿದೆವು. ಚೆಂಡು ಬೀಳಿಸುವ ಕುಳಿಯ ಸುತ್ತ ಹುಲ್ಲನ್ನು ಚಾಪೆಯಷ್ಟು ನುಣ್ಣಗೆ ಕತ್ತರಿಸಿರುತ್ತಾರಲ್ಲ, ಅದನ್ನು ಗ್ರೀನು ಅನ್ನುತ್ತಾರೆ. ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಅದರ ಜೇಕು ಕೀಳುವುದು, ಬೆಳಗ್ಗೆ ಪೈಪು ಹಿಡಿದು ನೀರು ಬಿಡುವುದು ನಮ್ಮ ಕೆಲಸ. ಬೆಳೆಯನ್ನೇ ಕೊಯ್ಯದ ಗದ್ದೆಗೆ ಇಷ್ಟೊಂದು ಉಪಚಾರವೇ ಎಂದು ಮೊದಲ ತಿಂಗಳೆಲ್ಲ ನಾವು ನಕ್ಕಿದ್ದೇ ನಕ್ಕಿದ್ದು.

ನೀರು ಬಿಡುವ ಕೆಲಸವೆಂದರೆ ನನಗೆ ಒಳಗೊಳಗೇ ಹಿಗ್ಗು. ಅದಕ್ಕೊಂದು ಕಾರಣವಿದೆ. ಅಪ್ಪನಿಗೆ ಗಂಡುಮಕ್ಕಳಿಲ್ಲ, ನಾನೇ ದೊಡ್ಡವಳು. ಹದಿನಾರು ವರ್ಷದವಳಿದ್ದಾಗಲೇ ಅಪ್ಪ ಗುದ್ದಲಿ ಕೊಟ್ಟು ನೀರು ಕಟ್ಟುವುದನ್ನು ಕಲಿಸಿದ್ದರು. ನೆಲ ಯಾವ ಕಡೆ ವಾಲಿದೆ, ನೀರು ಎಲ್ಲಿ ಓಡುತ್ತದೆ, ಎಲ್ಲಿ ಮಡುಗಟ್ಟುತ್ತದೆ ಎಂಬುದನ್ನೆಲ್ಲ ನೋಡಿದ ಕೂಡಲೇ ಹೇಳುತ್ತಿದ್ದೆ. ಒಂದು ದಿನ ಗೆಳತಿಯೊಬ್ಬಳ ಜೊತೆ ಮಾತಿಗೆ ಕೂತವಳು ಬದುವಿನ ಮಡೆ, ಅಂದರೆ ನೀರು ಹಾಯುವ ಕಂಡಿ, ಮುಚ್ಚುವುದನ್ನು ಮರೆತೆ. ನೀರು ನುಗ್ಗಿ ಪಕ್ಕದವರ ಸಸಿಮಡಿ ಪೂರ್ತಿ ಕೊಚ್ಚಿಹೋಯಿತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡರು, ಅಷ್ಟೇ. ಆಮೇಲೆ ಇಪ್ಪತ್ತೆರಡು ವರ್ಷ ಅದು ನನ್ನ ಕೈಗೆ ಬರಲಿಲ್ಲ. ನಾಟಿಗೆ ಕರೆಯುತ್ತಿದ್ದರು, ಕಳೆಗೆ ಕರೆಯುತ್ತಿದ್ದರು, ನೀರಿಗೆ ಮಾತ್ರ ಕೂಲಿಯವರನ್ನು ಕರೆಯುತ್ತಿದ್ದರು.

ಇರಲಿ, ಗಾಲ್ಫಿನ ಮಾತಿಗೆ ಬರುತ್ತೇನೆ. ನಮ್ಮ ಮೈದಾನದಲ್ಲಿ ಹೆಂಗಸರ ಪಂದ್ಯಾವಳಿ ನಡೆಯಿತು. ಆಟವನ್ನೇ ಕಸುಬು ಮಾಡಿಕೊಂಡವರು ಬೇರೆ ಬೇರೆ ಊರುಗಳಿಂದ ಬಂದಿದ್ದರು. ಅದು ಮ್ಯಾಚ್ ಪ್ಲೇ ಅನ್ನುವ ಬಗೆ. ಇಬ್ಬರು ಎದುರುಬದುರು ಆಡುತ್ತಾರೆ. ಒಂದು ಕುಳಿಗೆ ಯಾರು ಕಡಿಮೆ ಏಟಿನಲ್ಲಿ ಚೆಂಡು ಹಾಕುತ್ತಾರೋ ಆ ಕುಳಿ ಅವರದು. ಹದಿನೆಂಟು ಕುಳಿಗಳಲ್ಲಿ ಹೆಚ್ಚು ಯಾರು ಗೆದ್ದರೋ ಅವರು ಉಳಿಯುತ್ತಾರೆ, ಸೋತವರು ಗಂಟುಮೂಟೆ ಕಟ್ಟುತ್ತಾರೆ.

ಮೂರನೆಯ ದಿನ ಬೆಳಗ್ಗೆ ಒಬ್ಬ ಆಟಗಾರ್ತಿಯ ಕೋಲುಗಳ ಬ್ಯಾಗು ಹೊರುವವನು ಮದ್ದೂರಿನ ಹತ್ತಿರ ಸ್ಕೂಟರಿನಿಂದ ಬಿದ್ದು ಕಾಲು ಉಳುಕಿಸಿಕೊಂಡ. ಉಳಿದವರೆಲ್ಲ ಆಗಲೇ ಬೇರೆಯವರ ಬ್ಯಾಗು ಹೊತ್ತಾಗಿತ್ತು. ನಮ್ಮ ಮೇಸ್ತ್ರಿ ಓಡಿ ಬಂದವನೇ ಕಳೆಗೆ ಕೂತಿದ್ದ ನನ್ನನ್ನು ಎಬ್ಬಿಸಿದ.

"ಏಳಮ್ಮಿ ಮ್ಯಾಕೆ. ಆ ಮೇಡಂ ಬ್ಯಾಗ್ ಒತ್ಕೊಂಡು ಓಗು. ಇವತ್ತೊಂದಿನ ಆ ಬಾಯ್ಗೆ ಬೀಗ ಆಕೊ, ನಿನ್ ಪುಣ್ಯ."

"ನನ್ ಬಾಯಿ ನಿಂಗೇನ್ಲಾ ಮಾಡ್ತು?" ಎಂದೆ. ಅಲ್ಲಿಗೆ ಬೀಗ ಮುರಿದಿತ್ತು.

ಮೇಡಂ ಮೈಸೂರಿನವಳು. ವಯಸ್ಸು ಮೂವತ್ತರ ಮೇಲೆ, ತೆಳ್ಳಗಿನ ಮೈ, ಬಿಸಿಲಿಗೆ ಕಪ್ಪಾದ ಮುಖ. ನನ್ನ ಸೀರೆಯ ಮೇಲೆ ಜೇಬಿರುವ ಬಿಳಿ ಅಂಗಿಯೊಂದನ್ನು ತೊಡಿಸಿ, ಅಲ್ಲೇ ನಿಂತು ವಿಷಯ ಬಿಡಿಸಿ ಹೇಳಿದಳು. "ಅಕ್ಕ, ನಿಮಗೆ ಆಟ ಗೊತ್ತಿರಬೇಕು ಅಂತಿಲ್ಲ. ನನ್ನ ಜೊತೆ ಇರಿ. ನಾನು ಹೇಳದೆ ಏನನ್ನೂ ಮುಟ್ಟಬೇಡಿ. ಇವತ್ತು ಗೆದ್ದರೆ ಮುಂದಿನ ವರ್ಷ ಆಡೋಕೆ ನನಗೆ ಜಾಗ ಸಿಗುತ್ತೆ. ಸೋತರೆ ಇಲ್ಲ. ಇಷ್ಟು ವರ್ಷದ ಆಟ ಇಲ್ಲಿಗೇ ಮುಗೀತು ಅಂತ."

ಅವಳು ಅದನ್ನು ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಹೇಳಿದಳು. ನಾನು ಬ್ಯಾಗು ಹೆಗಲಿಗೇರಿಸಿಕೊಂಡೆ.

ಎರಡನೆಯ ಕುಳಿಯಲ್ಲಿ ಅವಳು ಗ್ರೀನಿನ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಚೆಂಡು ಯಾವ ಕಡೆ ಹೊರಳಬಹುದೆಂದು ಲೆಕ್ಕ ಹಾಕುತ್ತಿದ್ದಳು. ನನ್ನ ಬಾಯಿ ಕೇಳಬೇಕಲ್ಲ. "ನೀರು ಆ ಕಡೀಕೆ ಓಗಕಿಲ್ಲ ಮೇಡಂ, ಈ ಕಡೀಕೆ ಓಯ್ತದೆ" ಎಂದುಬಿಟ್ಟೆ. ಅವಳು ತಿರುಗಿ ನನ್ನನ್ನು ನೋಡಿದಳು. ಮತ್ತೆ ನೆಲ ನೋಡಿದಳು. ನಾನು ಹೇಳಿದ ಕಡೆ ನಂಬಿ ಹೊಡೆದಳು, ಚೆಂಡು ಕುಳಿಗೆ ಬಿತ್ತು. ಅಲ್ಲಿಂದ ಮುಂದೆ ಪ್ರತಿ ಗ್ರೀನಿನಲ್ಲೂ ಅವಳದು ಒಂದೇ ಪ್ರಶ್ನೆ: "ಅಕ್ಕ, ನೀರು ಎತ್ತ?"

ಹದಿನಾಲ್ಕು ಕುಳಿ ಮುಗಿದಾಗ ನಾವು ಎರಡು ಕುಳಿ ಮುಂದಿದ್ದೆವು. 'ನಾವು' ಅನ್ನುತ್ತಿದ್ದೇನೆ, ನೋಡಿ. ಅಷ್ಟು ಹೊತ್ತಿಗೆ ಅದು ನನ್ನ ಜಗಳವೂ ಆಗಿಹೋಗಿತ್ತು.

ಹದಿನೈದನೆಯದರಲ್ಲಿ ಎದುರಾಳಿ ಹುಡುಗಿಯ ಚೆಂಡು ಅತ್ತ ಮರಳಿನ ಹಳ್ಳಕ್ಕೆ ಬಿತ್ತು. ನಮ್ಮದು ಇತ್ತ ಉದ್ದ ಹುಲ್ಲಿನ ಅಂಚಿಗೆ ಬಂತು. ಮೇಡಂ ಹಿಂದೆ ಬರುತ್ತಿದ್ದಳು, ನಾನು ಮೊದಲು ತಲುಪಿದೆ. ಚೆಂಡಿನ ಬೆನ್ನಿಗೇ ಒಂದು ಗೇಣುದ್ದದ ಜೇಕು ನಿಂತಿತ್ತು. ನನಗೆ ಏನನ್ನೂ ಯೋಚಿಸಿದ ನೆನಪಿಲ್ಲ. ಬಗ್ಗಿದೆ, ಕಿತ್ತೆ, ಮಣ್ಣು ಕೊಡವಿದೆ, ಮಡಿಲು ಸಿಗಲಿಲ್ಲವಾದ್ದರಿಂದ ಅಂಗಿಯ ಜೇಬಿಗೆ ತುರುಕಿದೆ. ಅವಳು ಬಂದು ಬೀಸಿದ ಏಟಿಗೆ ಚೆಂಡು ಗ್ರೀನಿನ ಮೇಲೆ, ಕುಳಿಯಿಂದ ಒಂದು ಮೊಳದೊಳಗೆ ನಿಂತಿತು. ಈ ಕುಳಿ ನಮ್ಮದಾದರೆ ಮೂರು ಮುಂದೆ. ಉಳಿದ ಮೂರರಲ್ಲಿ ಒಂದನ್ನು ಸರಿಸಮ ಮಾಡಿಕೊಂಡರೂ ಗೆಲುವು.

ಗ್ರೀನಿನ ಕಡೆಗೆ ನಡೆಯುವಾಗ ಜೇಬಿಗೆ ಕೈ ಹೋಯಿತು. ಜೇಕಿನ ಗಡ್ಡೆ ಬೆರಳಿಗೆ ತಗುಲಿತು. ಏನನ್ನೂ ಮುಟ್ಟಬೇಡಿ ಎಂದಿದ್ದಳಲ್ಲ. ಮೇಡಂ ಪಕ್ಕಕ್ಕೆ ಹೋದೆ.

"ಮೇಡಂ, ಚೆಂಡಿನ್ ಇಂದೆ ಒಂದ್ ಕಳೆ ಇತ್ತು, ಕಿತ್ತಾಕ್ದೆ. ಏನಾರ ತಪ್ಪಾಯ್ತದಾ?"

ಅವಳು ನಿಂತುಬಿಟ್ಟಳು. "ನಾನು ಹೊಡೆಯೋದಕ್ಕೆ ಮುಂಚೆನಾ?"

"ಊಂ."

ಬೆಳೆದು ನಿಂತ ಗಿಡ ಕಿತ್ತು ಚೆಂಡಿಗೆ ದಾರಿ ಸಲೀಸು ಮಾಡಿದರೆ ಆ ಕುಳಿಯೇ ಹೋಯಿತು, ಬ್ಯಾಗು ಹೊರುವವರು ಮಾಡಿದರೂ ಅದು ಆಟಗಾರ್ತಿಯ ತಪ್ಪೇ, ಎಂದು ಮೆಲ್ಲಗೆ ಹೇಳಿದಳು. ಕಳೆ ಕಿತ್ತಿದ್ದಕ್ಕೆ ದಂಡ ಹಾಕುವ ಆಟವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು.

"ಯಾರೂ ನೋಡ್ನಿಲ್ಲ ಬುಡಿ ಮೇಡಂ" ಎಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅಂದದ್ದು ಅಂದದ್ದೇ.

"ನೀವೇ ಬಂದು ಹೇಳಿದಿರಲ್ಲ ಅಕ್ಕ" ಎಂದವಳು ನೇರ ಎದುರಾಳಿಯ ಹತ್ತಿರ ನಡೆದಳು. ಬೇರೆ ರಾಜ್ಯದ ಆ ಎತ್ತರದ ಹುಡುಗಿ ನಾನು ಜೇಬಿನಿಂದ ತೆಗೆದು ತೋರಿಸಿದ ಜೇಕನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ತಲೆಯಾಡಿಸಿ ಏನೋ ಸಮಾಧಾನದ ಮಾತು ಹೇಳಿದಳು. ಕುಳಿ ಅವಳದಾಯಿತು. ನಾವೀಗ ಒಂದೇ ಒಂದು ಮುಂದೆ.

ಅಲ್ಲಿಂದ ನನ್ನ ಬಾಯಿ ಕಟ್ಟಿಹೋಯಿತು. ಹದಿನಾರನೆಯದು ಸರಿಸಮವಾಯಿತು. ಹದಿನೇಳರ ಗ್ರೀನಿನಲ್ಲಿ ಮೇಡಂ ನನ್ನ ಕಡೆ ನೋಡಿದಾಗ ನಾನು ತಲೆ ತಗ್ಗಿಸಿದೆ. ಅವಳು ಒಬ್ಬಳೇ ಲೆಕ್ಕ ಹಾಕಿ ಹೊಡೆದಳು, ತಪ್ಪಿತು. ಕುಳಿ ಹೋಯಿತು. ಇಬ್ಬರೂ ಸಮ, ಉಳಿದದ್ದು ಒಂದೇ ಕುಳಿ. ನನ್ನ ಕಣ್ಣ ಮುಂದೆ ಕೊಚ್ಚಿಹೋದ ಆ ಹಳೆಯ ಸಸಿಮಡಿಯೇ ಬರುತ್ತಿತ್ತು.

ಹದಿನೆಂಟರಲ್ಲಿ ಎದುರಾಳಿಗೆ ಐದು ಏಟು ಬೇಕಾಯಿತು. ಮೇಡಂ ಮೂರಕ್ಕೆ ಗ್ರೀನು ತಲುಪಿದ್ದಳು, ಕುಳಿ ಹತ್ತು ಹೆಜ್ಜೆ ದೂರವಿತ್ತು. ಒಂದೇ ಏಟಿಗೆ ಬಿದ್ದರೆ ಗೆಲುವು. ಬೀಳದಿದ್ದರೆ ಹೆಚ್ಚುವರಿ ಕುಳಿ ಆಡಬೇಕಾಗುತ್ತಿತ್ತು, ಅವಳ ಕಾಲುಗಳಲ್ಲಿ ಆ ಕಸುವು ಉಳಿದಿರಲಿಲ್ಲ. ನಾನು ಬ್ಯಾಗು ಹಿಡಿದು ದೂರವೇ ನಿಂತೆ.

"ಅಕ್ಕ, ಬನ್ನಿ. ನೀರು ಎತ್ತ?"

"ನನ್ ಕೇಳ್ಬ್ಯಾಡಿ ಮೇಡಂ. ನಾನ್ ಮಾಡಿದ್ದೇ ಸಾಕು."

"ಈ ಹುಲ್ಲು ಸಾಕಿದೋರು ನೀವು. ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳಲಿ?" ಅಂದಳು. ದನಿಯಲ್ಲಿ ಕೋಪವೂ ಇರಲಿಲ್ಲ, ಉಪಕಾರ ಮಾಡುವ ಧೋರಣೆಯೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ನನ್ನ ಮಾತು ಬೇಕಿತ್ತು.

ಹೋಗಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಬಲಕ್ಕೆ ಕೊಳವಿದೆ, ನೋಡುವವರಿಗೆ ನೆಲವೆಲ್ಲ ಕೊಳದ ಕಡೆಗೇ ವಾಲಿದಂತೆ ಕಾಣುತ್ತದೆ. ಆದರೆ ವಾರಕ್ಕೆರಡು ಸಲ ಅಲ್ಲಿ ನಾವು ಜೇಕು ಕೀಳುತ್ತಿದ್ದುದು ಎಡದ ಅಂಚಿನಲ್ಲಿ. ನೀರು ನಿಲ್ಲುವ ಕಡೆಗೇ ಜೇಕು ಏಳುವುದು.

"ಎಡಕ್ಕೆ ಕಣಮ್ಮ" ಎಂದೆ. ಮೇಡಂ ಅನ್ನುವುದು ಮರೆತೇಹೋಗಿತ್ತು. "ಕೊಳ ನೋಡಿ ಮೋಸ ಓಗ್ಬ್ಯಾಡ. ಜೇಕು ಏಳದು ಎಡಗಡೀಕೆ. ನೀರು ಓಗದೂ ಅಲ್ಲಿಗೇಯ."

ಅವಳು ಕುಳಿಯಿಂದ ಒಂದು ಗೇಣು ಬಲಕ್ಕೆ ಗುರಿಯಿಟ್ಟು ಮೆಲ್ಲಗೆ ತಳ್ಳಿದಳು. ಚೆಂಡು ಅರ್ಧ ದಾರಿ ನೆಟ್ಟಗೆ ಹೋಯಿತು. ಆಮೇಲೆ ಮಡೆ ತೆಗೆದ ನೀರಿನ ಹಾಗೆ ಎಡಕ್ಕೆ ತಿರುಗಿ, ಕುಳಿಯ ಅಂಚಿಗೆ ಬಂದು, ಒಳಗೆ ಬಿತ್ತು. ಮೇಡಂ ಕೋಲು ಕೆಳಗಿಟ್ಟು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಮೇಸ್ತ್ರಿ ದೂರದಿಂದ, ಇವಳೇನು ಅನಾಹುತ ಮಾಡಿದಳೋ ಎಂದು ಗಾಬರಿಯಾಗಿ ನೋಡುತ್ತಿದ್ದ.

ಮರುದಿನದ ಪಂದ್ಯದಲ್ಲಿ ಅವಳು ಸೋತಳು, ಅಂದೂ ಬ್ಯಾಗು ಹೊತ್ತವಳು ನಾನೇ. ಆದರೆ ಮುಂದಿನ ವರ್ಷದ ಜಾಗ ಅವಳಿಗೆ ಸಿಕ್ಕಾಗಿತ್ತು. ಹೊರಡುವಾಗ ನನಗೆ ಕೈ ಮುಗಿದಳು. ಮುಗಿಯಬೇಕಾದವಳು ನಾನು. ಒಂದು ಸಲ ಕೆಡಿಸಿದವಳನ್ನು ಅದೇ ದಿನ, ಅದೇ ಕೆಲಸಕ್ಕೆ, ಅದಕ್ಕಿಂತ ದೊಡ್ಡ ಗಳಿಗೆಯಲ್ಲಿ ಮತ್ತೆ ಕರೆದವರು ನನ್ನ ಬದುಕಿನಲ್ಲಿ ಅವಳೊಬ್ಬಳೇ. ಅದನ್ನು ಅವಳಿಗೆ ಹೇಳಲು ಹೋದೆ. ಯಾವಾಗಲೂ ಓಡುವ ಈ ಬಾಯಿಗೆ ಆಗ ಬಂದದ್ದು "ಉಸಾರಾಗ್ ಓಗಿ ಮೇಡಂ" ಅನ್ನುವುದಷ್ಟೇ.

ಆ ಸಂಜೆ ಅಪ್ಪನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಪ್ಪ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿದರು. ಜೇಕು ಕಿತ್ತ ಮಾತಿಗೆ ನಕ್ಕರು. ಕೊನೆಯ ಕುಳಿಯ ಮಾತು ಬಂದಾಗ ಅಗಿಯುವುದನ್ನು ನಿಲ್ಲಿಸಿದರು.

"ಅಷ್ಟು ಕೆಡ್ಸುದ್ ಮ್ಯಾಲೂವೆ ನಿನ್ನೇ ಕೇಳುದ್ಲಾ?"

"ಊಂ ಕಣಪ್ಪ. ನನ್ನೇ ಕೇಳುದ್ಲು."

ಅಪ್ಪ ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡರು. ನಾನು ಎದ್ದು ಹೊರಟಾಗ, ಬಾಗಿಲ ಮೂಲೆಯ ಕಡೆ ನೋಡುತ್ತ, "ನಾಳಿಕ್ಕೆ ನಾಲೇಲಿ ನೀರು ಬುಡ್ತಾರೆ. ಗುದ್ದಲಿ ಅಲ್ಲೇ ಅದೆ, ತಕ್ಕೊಂಡ್ ಓಗು. ನೀನೇ ನೀರು ಕಟ್ಟವ್ವ" ಎಂದರು.

ಬೆಳಗ್ಗೆ ನಾನು ಮಡೆ ತೆಗೆದಾಗ ಅಪ್ಪನೂ ಗದ್ದೆಗೆ ಬಂದರು. ಬದುವಿನ ಮೇಲೆ ನನಗೆ ಬೆನ್ನು ಮಾಡಿ ಕೂತರು. ನೀರು ಕೊನೆಯ ಪಾತಿ ತುಂಬಿ, ನಾನು ಮಡೆ ಮುಚ್ಚಿ ಗುದ್ದಲಿ ತೊಳೆಯುವವರೆಗೂ ಒಂದು ಸಲವೂ ತಿರುಗಿ ನೋಡಲಿಲ್ಲ.