ಟಿಕ್ ಟಿಕ್ ಕೇಳಿದರೆ ಮಾತಕ್ಕ ಗಪ್‌ಚುಪ್

ಬೆಳಗಿನ ಆರೂಕಾಲು. ಸಂಶೋಧನಾಲಯದ ಪಡಸಾಲೆಯ ದೀಪಗಳು ಇನ್ನೂ ಪೂರ್ತಿ ಹೊತ್ತಿಲ್ಲ. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಮಾತಕ್ಕ ಎರಡು ಗುಟುಕು ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಹೆಡ್‌ಫೋನ್ ಏರಿಸುತ್ತಾರೆ. ಗೋಡೆಯಾಚೆ ಚಕ್ರವಿಲ್ಲದ ಕಾರೊಂದು ನಿಂತಿದೆ. ಅದರ ಮುಂದೊಂದು ದೊಡ್ಡ ಪರದೆ, ಪರದೆಯ ಮೇಲೆ ಓಡುವ ರಸ್ತೆ. ಆಫೀಸಿಗೆ ಹೋಗುವ ಮುಂಚೆ ಪ್ರಯೋಗಕ್ಕೆಂದು ಬಂದ ಅಪರಿಚಿತರೊಬ್ಬರು ಸ್ಟಿಯರಿಂಗ್ ಹಿಡಿದು ಕೂತಿದ್ದಾರೆ. ಅವರ ಫೋನ್ ರಿಂಗಾಗುತ್ತದೆ.

"ಹಲೋ, ನಮಸ್ಕಾರ! ಗಾಡಿ ಓಡಿಸ್ತಾ ಇದ್ದೀರಾ? ಇರ್ಲಿ ಬಿಡಿ, ಒಂದೇ ಮಾತು. ನಿಮ್ಮನೇಲಿ ಒಟ್ಟು ಎಷ್ಟು ಕಿಟಕಿ? ಎಣಿಸಿ ಹೇಳಿ ನೋಡೋಣ."

ಮುಗಿಯಿತು ಕತೆ. ಆ ಮನುಷ್ಯನ ತಲೆ ಮನೆಗೆ ಓಡಿಹೋಗಿ ಕಿಟಕಿ ಎಣಿಸತೊಡಗುತ್ತದೆ, ರಸ್ತೆಯ ಮೇಲೆ ಬರೀ ಕಣ್ಣು ಉಳಿಯುತ್ತದೆ.

ಹೌದು ಸ್ವಾಮಿ, ಗಾಡಿ ಓಡಿಸುವವರ ಗಮನ ಕೆಡಿಸುವುದೇ ಈಕೆಯ ಉದ್ಯೋಗ! ಒಂದೇ ತಲೆ ಎರಡು ಕೆಲಸ ಹೊತ್ತಾಗ ಏನಾಗುತ್ತದೆ ಎಂದು ಅಳೆಯುವವರು ಇಲ್ಲಿನ ಸಂಶೋಧಕರು. ಮನುಷ್ಯನ ಮನಸ್ಸು ಹೀಗೆ ನಡೆಯುತ್ತದೆ ಎಂದು ಕಂಪ್ಯೂಟರಿನಲ್ಲೊಂದು ಮಾದರಿ ಕಟ್ಟಿದ್ದಾರೆ. ಫೋನಿನಲ್ಲಿ ಮಾತಾಡುವವನ ಕಾಲು ಬ್ರೇಕಿಗೆ ಎಷ್ಟು ತಡವಾಗಿ ಹೋಗುತ್ತದೆ ಎಂದು ಅದು ಮೊದಲೇ ಹೇಳುತ್ತದೆ. ಹೇಳಿದ್ದು ನಿಜವೋ ಸುಳ್ಳೋ ನೋಡಬೇಕಾದರೆ ಮಾತಾಡಿಸಲು ಒಬ್ಬರು ಬೇಕಲ್ಲ? ಆ ಒಬ್ಬರೇ ಐವತ್ತೆಂಟರ ಮಾತಕ್ಕ. ಪ್ರಯೋಗವಿದ್ದ ದಿನ ಒಂಬತ್ತು ಕರೆ, ಒಂದೊಂದೂ ಹನ್ನೊಂದು ನಿಮಿಷ, ಹೀಗೆ ಆರು ವರ್ಷ. ನಿಯಮ ಎರಡೇ: ರಸ್ತೆಯನ್ನು ನೋಡಕೂಡದು, ಮಾತು ನಿಲ್ಲಿಸಕೂಡದು.

"ಮನೇಲಿ ಸ್ವಲ್ಪ ಬಾಯಿ ಮುಚ್ಚೇ ಅಂತಾರೆ, ಇಲ್ಲಿ ಬಾಯಿ ಮುಚ್ಚಿದ್ರೆ ಕೆಲಸ ಕೆಡ್ತು ಅಂತಾರೆ. ನಂಗಂತೂ ಇದೇ ವಾಸಿ," ಎಂದು ನಗುತ್ತಾರೆ.

ಮಾತು ಅವರ ಹಳೆಯ ಕಸುಬು. ಟ್ಯಾಕ್ಸಿ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಮೈಕಿನ ಮುಂದೆ ಕೂತವರು. ಯಾವ ಗಾಡಿ ಯಾವ ಬೀದಿಗೆ ಹೋಗಬೇಕೆಂದು ವೈರ್‌ಲೆಸ್‌ನಲ್ಲಿ ಹೇಳುವುದು ಅವರ ಕೆಲಸವಾಗಿತ್ತು. ಸೇರಿದ ಮೊದಲ ವರ್ಷವೇ ಒಂದು ಎಡವಟ್ಟಾಯಿತು. ತಿರುವಿನಲ್ಲಿದ್ದ ಚಾಲಕನೊಬ್ಬನಿಗೆ ಬಿಡದೆ ವಿಳಾಸ ಒಪ್ಪಿಸಿದರು. "ತಾಳಿ, ತಿರುಗಿಸ್ತಾ ಇದ್ದೀನಿ," ಎಂದರೂ ಬಿಡಲಿಲ್ಲ. ಗಾಡಿ ಕಂಬಕ್ಕೆ ಹೊಡೆಯಿತು, ಚಾಲಕನ ಕಾಲು ಮುರಿಯಿತು.

"ಆ ಸದ್ದು ಕಿವೀಲಿ ಹಾಗೇ ಇದೆ. ಮೊದಲು ಇಂಡಿಕೇಟರಿಂದು ಟಿಕ್ ಟಿಕ್, ಮಧ್ಯದಲ್ಲಿ ನನ್ನ ಬಡಬಡಿಕೆ, ಆಮೇಲೆ ಧಡಾರ್. ತಪ್ಪಾಯ್ತು ಅಂತ ಹೇಳೋಕೆ ಆಸ್ಪತ್ರೆಗೆ ಹೋದೆ. ಮಾರನೇ ದಿನವೂ ಹೋದೆ. ಹೋಗಿ ಹೋಗಿ ಮದುವೇನೇ ಆಗೋಯ್ತು!"

ಆ ಚಾಲಕರೇ ಇಂದಿನ ಯಜಮಾನರು. ಎಡಗಾಲು ಇಂದಿಗೂ ಕೊಂಚ ಕುಂಟುತ್ತದೆ. ಫೋನಿನಲ್ಲೇ ಟ್ಯಾಕ್ಸಿ ಕರೆಯುವ ಕಾಲ ಬಂದು ಕಂಪನಿ ಬಾಗಿಲು ಹಾಕಿಕೊಂಡಾಗ ಮಾತಕ್ಕ ಎರಡು ವರ್ಷ ಮನೆಯಲ್ಲೇ ಕೂತರು. ಆಮೇಲೆ ಸಿಕ್ಕಿದ್ದು ಈ ಕೆಲಸ.

ಇದೂ ಕಳೆದ ವರ್ಷ ಕೈಬಿಟ್ಟುಹೋಗುವುದರಲ್ಲಿತ್ತು. ಆರು ತಿಂಗಳ ಇನ್ನೂರ ಹದಿನಾಲ್ಕು ಪ್ರಯೋಗಗಳ ಫಲಿತಾಂಶ ಎಡವಟ್ಟಾಗಿ ಬಂತು. ತಿರುವಿನಲ್ಲಿ ಯಾರಾದರೂ ಅಡ್ಡ ಬಂದಾಗ ಬ್ರೇಕು ಅರ್ಧ ಸೆಕೆಂಡ್ ತಡವಾಗಬೇಕು ಎಂದಿತ್ತು ಮಾದರಿ. ಒಬ್ಬರಿಗಾದರೂ ತಡವಾಗಬೇಡವೇ? ಎಲ್ಲರೂ ಟಕ್ಕನೆ ಬ್ರೇಕು ಒತ್ತಿದ್ದರು. ಮಾದರಿಯಲ್ಲಿ ತಪ್ಪು ಸಿಗಲಿಲ್ಲ, ಬೊಟ್ಟು ಮಾತಕ್ಕನ ಕಡೆ ತಿರುಗಿತು. ಅಷ್ಟನ್ನೂ ಎಸೆದು, ಇನ್ನು ಮುಂದೆ ಧ್ವನಿಮುದ್ರಿತ ಪ್ರಶ್ನೆಗಳನ್ನೇ ಹಾಕೋಣ ಎಂಬ ಮಾತು ಬಂತು.

"ಕೆಲಸ ಹೋದ್ರೆ ಹೋಗ್ಲಿ, ಅಷ್ಟು ಜನರ ದುಡಿಮೇನ ನಾನು ಹಾಳು ಮಾಡಿದ್ನಲ್ಲ ಅಂತ ಎರಡು ದಿನ ಊಟ ಸೇರಲಿಲ್ಲ."

ಅಲ್ಲಿನ ಮುಖ್ಯ ಸಂಶೋಧಕಿ ಮಾತ್ರ ಪಟ್ಟುಬಿಡದವರು. ಮೂರು ದಿನ ಕೂತು ಎಲ್ಲ ಕರೆಗಳನ್ನೂ ಕೇಳಿದರು. ಆಮೇಲೆ ಮಾತಕ್ಕನನ್ನು ಕರೆದು ಕೇಳಿದರು: "ಅಕ್ಕಾ, ಪ್ರತಿ ತಿರುವಿನಲ್ಲೂ ನಾಲ್ಕು ಸೆಕೆಂಡ್ ಸುಮ್ಮನಾಗ್ತೀರಲ್ಲ, ಯಾಕೆ?"

"ನಾನಾ? ನಾನು ಬಾಯಿ ಮುಚ್ಚಿದ್ನಾ?" ಮಾತಕ್ಕನಿಗೇ ಗೊತ್ತಿರಲಿಲ್ಲ. ಇಡೀ ಕೋಣೆ ಗೊಳ್ಳೆಂದು ನಕ್ಕಿತು.

ಆಗಿದ್ದಿಷ್ಟೇ. ಆ ಆರು ತಿಂಗಳ ಶುರುವಿನಲ್ಲೇ ನಕಲಿ ಕಾರಿಗೆ ಹೊಸ ಮೈಕು ಬಂದಿತ್ತು. ಅದರೊಳಗಿಂದ ಇಂಡಿಕೇಟರಿನ ಟಿಕ್ ಟಿಕ್ ಅವರ ಕಿವಿಗೆ ಬೀಳುತ್ತಿತ್ತು. ಬಿದ್ದೊಡನೆ ನಾಲಿಗೆ ತಾನಾಗಿ ನಿಲ್ಲುತ್ತಿತ್ತು. ಆ ನಾಲ್ಕು ಸೆಕೆಂಡಿನಲ್ಲಿ ಚಾಲಕರ ಮನಸ್ಸು ರಸ್ತೆಗೆ ವಾಪಸು ಬರುತ್ತಿತ್ತು. ಸಂಶೋಧಕಿ ಆ ಸದ್ದನ್ನು ತಡೆದು ನೋಡಿದರು. ಮಾತಕ್ಕನ ಹರಟೆ ತಿರುವಿನಲ್ಲೂ ನಿಲ್ಲದೆ ಹರಿಯಿತು, ಬ್ರೇಕು ಸರಿಯಾಗಿ ಅರ್ಧ ಸೆಕೆಂಡ್ ತಡವಾಯಿತು. ಮಾದರಿಯೂ ಸರಿ, ಮಾತಕ್ಕನೂ ಸರಿ!

ಇನ್ನೂರ ಹದಿನಾಲ್ಕರಲ್ಲಿ ಒಂದನ್ನೂ ಎಸೆಯಲಿಲ್ಲ. ಕರೆ ಮಾಡಿದವರಿಗೆ ರಸ್ತೆಯ ಸದ್ದು ಕೇಳಿಸಿದರೆ ಏನಾಗುತ್ತದೆ ಎಂಬ ಹೊಸ ಅಧ್ಯಯನವೇ ಅದರಿಂದ ಶುರುವಾಗಿದೆ. ಮಾದರಿಗೂ ಆ ನಾಲ್ಕು ಸೆಕೆಂಡ್ ಸೇರಿದೆ. ವರದಿಯಲ್ಲಿ ಅದಕ್ಕೇನೋ ಭಾರೀ ಹೆಸರಿದೆಯಂತೆ. ಇಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅದು 'ಅಕ್ಕನ ಗಪ್‌ಚುಪ್'.

"ಆರು ವರ್ಷ ವಟಗುಟ್ಟಿದೀನಿ, ಹೆಸರು ಬಂದಿದ್ದು ಸುಮ್ಮನಿದ್ದಿದ್ದಕ್ಕೆ ನೋಡಿ," ಎನ್ನುವಾಗ ಅವರ ಮುಖ ಅರಳುತ್ತದೆ.

ಒಂಬತ್ತನೆಯ ಕರೆ ಮುಗಿಯುವ ಹೊತ್ತಿಗೆ ಯಜಮಾನರು ಹಳೆಯ ಕಾರು ತಂದು ಗೇಟಿನ ಬಳಿ ನಿಲ್ಲಿಸಿರುತ್ತಾರೆ. ಮಾತಕ್ಕ ಮುಂದಿನ ಸೀಟಿನಲ್ಲಿ ಕೂತು, ಬೆಳಗಿನಿಂದ ಮಾತೇ ಆಡಿಲ್ಲವೇನೋ ಎಂಬಂತೆ ಶುರುಮಾಡುತ್ತಾರೆ. ಇಷ್ಟೆಲ್ಲ ಆದ ಮೇಲೆ ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಕತ್ತು ಹೊರಳಿಸಿ ಹಿಂದಿನ ಸೀಟಿನಲ್ಲಿ ಕೂತ ನಮ್ಮತ್ತ ನೋಡುತ್ತಾರೆ.

"ದೊಡ್ಡದೇನಿಲ್ಲಪ್ಪ. ಗಾಡಿ ಓಡಿಸೋರಿಗೆ ಫೋನ್ ಮಾಡೋರೆಲ್ಲ ಆ ಸದ್ದು ಕೇಳಿದ್ರೆ ಒಂದ್ ಸಲ..."

ಟಿಕ್ ಟಿಕ್, ಟಿಕ್ ಟಿಕ್. ಮಾತು ಅಲ್ಲಿಗೇ ನಿಲ್ಲುತ್ತದೆ. ಕಾರು ನಿಧಾನಕ್ಕೆ ಬಲಕ್ಕೆ ಹೊರಳುತ್ತದೆ. ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರು ಮಗುವಿನ ಕೈ ಹಿಡಿದು ಆಚೆ ಬದಿ ಸೇರುತ್ತಾರೆ. ಸದ್ದು ನಿಲ್ಲುತ್ತದೆ.

"ಹ್ಞೂಂ, ಈಗ ಹೇಳು," ಎನ್ನುತ್ತಾರೆ ಯಜಮಾನರು.

"ಹೇಳಿದ್ನಲ್ಲ," ಎನ್ನುತ್ತಾರೆ ಮಾತಕ್ಕ. "ಅಷ್ಟೇ."