ರಾಕೆಟ್ಟಿಗೊಂದು ಮಹಜರು

ಎಂಬತ್ತರ ದಶಕದ ಒಂದು ಭಾನುವಾರ ಬೆಳಗ್ಗೆ, ಮೂರು ತಿಂಗಳು ಕೂತು ರಟ್ಟಿನಲ್ಲಿ ಮಾಡಿದ ರಾಕೆಟ್ಟನ್ನು ಗುಬ್ಬಿ ಹತ್ತಿರದ ಒಣಗಿದ ಕೆರೆಯಲ್ಲಿ ನಿಲ್ಲಿಸಿದ್ದೆ. ಬತ್ತಿ ಹಚ್ಚುವಷ್ಟರಲ್ಲಿ ಕಾನ್‌ಸ್ಟೇಬಲ್ ಒಬ್ಬರು ಸೈಕಲ್ ನಿಲ್ಲಿಸಿ ಬಂದರು.

“ಏನಯ್ಯ ಇದು? ಪರ್ಮಿಶನ್ ಎಲ್ಲಿ?”

“ರಾಕೆಟ್ಟು ಸಾರ್. ಯಾವ ರೂಲ್ ಪ್ರಕಾರ ಬೇಕು, ಹೇಳಿ.”

“ರೂಲು ಸ್ಟೇಷನ್‌ನಲ್ಲಿದೆ. ಇದನ್ನ ಸೀಜ್ ಮಾಡ್ತೀನಿ, ಕೊಡು.”

“ಮಾಡಿ. ಇಬ್ಬರು ಸಾಕ್ಷಿ ಕರೆಸಿ ಮಹಜರು ಬರೀರಿ. ಉದ್ದ ಮೂವತ್ತೆಂಟು ಸೆಂಟಿಮೀಟರ್, ರೆಕ್ಕೆ ಮೂರು.”

ಅವರು ಸಾಕ್ಷಿಗಾಗಿ ಸುತ್ತ ನೋಡಿದರು. ಎಮ್ಮೆಗಳಿದ್ದವು. ಅಷ್ಟರಲ್ಲಿ ನಾನು ಬತ್ತಿ ಹಚ್ಚಿಬಿಟ್ಟೆ.

ರಾಕೆಟ್ಟು ಸೊಯ್ಯನೆ ಮೇಲೇರಿ, ಪ್ಯಾರಾಚೂಟ್ ಬಿಚ್ಚಿಕೊಂಡು ಕೆರೆಯ ಏರಿಯ ಆಚೆ ಇಳಿಯಿತು. ಇಬ್ಬರೂ ಓಡಿದೆವು. ಏರಿ ಹತ್ತಿದ ಕಾನ್‌ಸ್ಟೇಬಲ್ ಅಲ್ಲೇ ನಿಂತರು.

“ಆಚೆ ನಮ್ಮ ಸ್ಟೇಷನ್ ಲಿಮಿಟ್ಸ್ ಅಲ್ಲ ಕಣಯ್ಯ. ಎತ್ಕೊಂಡು ಹೋಗು.”

ಮುಂದಿನ ಭಾನುವಾರದಿಂದ ಏರಿಯ ಆಚೆಯಿಂದಲೇ ಹಾರಿಸತೊಡಗಿದೆ. ಗಾಳಿಯ ದಿಕ್ಕನ್ನು ಮಾತ್ರ ಎರಡೆರಡು ಸಲ ನೋಡುತ್ತಿದ್ದೆ.