ಬೇಸಿಗೆ ಟೈರು, ಬೆಟ್ಟದಾಚೆಯ ತಂಗಿ

ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯಲ್ಲಿದ್ದ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ಇಪ್ಪತ್ತಾರು ವರ್ಷ ಕಳೆದವಳು. ನಿದ್ದೆಯಲ್ಲೂ ಅಕ್ಕನ ಬಲಗಾಲು ಹಾಸಿಗೆಯನ್ನು ಒತ್ತುತ್ತಿರುತ್ತದೆ ಎಂದು ತಂಗಿ ಗೇಲಿ ಮಾಡುತ್ತಿದ್ದಳು.

ಅಪ್ಪ ಅಮ್ಮ ಹೋದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಬಾಳಿದವರು. ತಂಗಿ ನರ್ಸು. ನಾಲ್ಕು ವರ್ಷದ ಹಿಂದೆ ಅವಳಿಗೆ ಬೆಟ್ಟದಾಚೆಯ ಆಸ್ಪತ್ರೆಗೆ ವರ್ಗವಾಯಿತು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಬ್ರೇಕಕ್ಕ ಒಬ್ಬಳೇ ಉಳಿದಳು.

ಐವತ್ತೊಂದನೇ ವಯಸ್ಸಿನಲ್ಲಿ ಅವಳು ಹಲ್ಲಿನ ಡಾಕ್ಟರೊಬ್ಬರ ಹಳೇ ಕಾರು ಕೊಂಡಳು. ಕಡುನೀಲಿ ಬಣ್ಣ, ಎರಡೇ ಬಾಗಿಲು, ನೆಲಕ್ಕೆ ತಗ್ಗಿ ಕೂತ ಮೈ, ಕೀಲಿ ತಿರುಗಿಸಿದರೆ ಎದೆಯೊಳಗೆ ಗುಡುಗಿದಂಥ ಸದ್ದು. ಈ ವಯಸ್ಸಿಗೆ ಇದೆಂಥ ಹುಚ್ಚು ಎಂದು ಕೆಳಮನೆಯವರು ಮೂಗು ಮುರಿದರು. ಹದಿನಾರರ ಹುಡುಗಿಯಾಗಿದ್ದಾಗಿನಿಂದ ಇಂಥದ್ದೊಂದು ಕಾರನ್ನು ಬೆಟ್ಟದ ದಾರಿಯಲ್ಲಿ ಮನಸಾರೆ ಓಡಿಸಬೇಕೆಂದು ಅವಳು ಹಂಬಲಿಸಿದ್ದು ಅವರಿಗೇನು ಗೊತ್ತು?

ಆದರೆ ಟೈರುಗಳು ಬೋಳಾಗಿದ್ದವು. ಟೈರಂಗಡಿಯವನು ಅವಳ ಬಳಿಯೇ ಕಲಿತು, ಮೂರು ಸಲ ಫೇಲಾಗಿ ಲೈಸೆನ್ಸು ಪಡೆದವನು. ಎರಡು ಟೈರುಗಳನ್ನು ಅವಳ ಮುಂದೆ ಉರುಳಿಸಿ ತಂದು, ಹೆಬ್ಬೆರಳಿನಿಂದ ಒತ್ತಿ ನೋಡಲು ಹೇಳಿದ.

"ಅಕ್ಕಾ, ಇದು ಬೇಸಿಗೆ ಟೈರು. ಬಿಸಿಲಿರಲಿ, ಮಳೆಯಿರಲಿ, ರಸ್ತೆಗೆ ಅಂಟಿಕೊಂಡು ಹೋಗುತ್ತೆ. ಈ ಗಾಡಿ ಅಂದ್ರೆ ಏನು ಅಂತ ನಿಮಗೆ ಗೊತ್ತಾಗೋದು ಇದರಲ್ಲೇ. ಆದ್ರೆ ಚಳಿ ಬಿತ್ತು ಅಂದ್ರೆ ರಬ್ಬರು ಬಿರುಸಾಗುತ್ತೆ, ಹಿಡಿತ ಹೋಗುತ್ತೆ. ಹಿಮದ ಮೇಲಂತೂ ಮಾತೇ ಬೇಡ."

ಇನ್ನೊಂದು ಆಲ್ ಸೀಸನ್. ವರ್ಷವಿಡೀ ನಡೆಯುತ್ತದೆ, ತೆಳ್ಳಗೆ ಹಿಮ ಬಿದ್ದರೂ ಸಂಭಾಳಿಸುತ್ತದೆ, ಆದರೆ ತಿರುವಿನಲ್ಲಿ ಆ ಬಿಗಿ ಸಿಗುವುದಿಲ್ಲ ಎಂದ. ಎರಡೂ ಜೊತೆ ಇಟ್ಟುಕೊಂಡು ಕಾಲಕ್ಕೆ ತಕ್ಕಂತೆ ಬದಲಿಸಲು ಅವಳ ಮನೆಯಲ್ಲೂ ಜಾಗವಿಲ್ಲ, ಅವನ ಅಂಗಡಿಯಲ್ಲೂ ಇಲ್ಲ.

ತಂಗಿಯ ಊರಿಗೆ ಹೋಗುವ ಬೆಟ್ಟದ ದಾರಿಯಲ್ಲಿ ಚಳಿಗಾಲದ ನಾಲ್ಕು ತಿಂಗಳು ಹಿಮ. ಅವಳು ಅಂಗಡಿಯ ಹೊರಗೆ ನಿಂತು ತಂಗಿಗೆ ಫೋನು ಮಾಡಿದಳು, ಆಲ್ ಸೀಸನ್ನೇ ಹಾಕಿಸುತ್ತೇನೆ ಎಂದಳು.

"ನನ್ನ ನೆಪ ಹೇಳಬೇಡ ಕಣೇ," ಎಂದಳು ತಂಗಿ. "ಮೂವತ್ತೈದು ವರ್ಷ ಕಾದಿದ್ದೀಯ. ನಿನಗೆ ಬೇಕಾದ್ದು ಹಾಕಿಸು. ಚಳಿಗಾಲದಲ್ಲಿ ನಾನೇ ಬರ್ತೀನಿ."

ಬೇಸಿಗೆ ಟೈರು ಹಾಕಿಸಿದಳು. ಮೊದಲ ಭಾನುವಾರವೇ ಬೆಟ್ಟ ಹತ್ತಿದಳು. ಬಂಡೆ ಸುತ್ತಿಕೊಂಡು ಹೋಗುವ ಉದ್ದನೆಯ ತಿರುವಿನಲ್ಲಿ ಕಾರು ಹಳಿಯ ಮೇಲಿದ್ದಂತೆ ಸರಿದು ಹೋಯಿತು. ಆಚೆ ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಸಂತೋಷಕ್ಕೋ, ಕಳೆದುಹೋದ ವರ್ಷಗಳಿಗೋ ಅವಳಿಗೇ ತಿಳಿಯಲಿಲ್ಲ.

ಚಳಿ ಬಂತು. ಕಾರಿಗೆ ಹೊದಿಕೆ ಹಾಕಿದಳು. ತಂಗಿ ಮಾತಿನಂತೆ ಬಂದಳು, ಆದರೆ ಒಂದೇ ಸಲ, ಎರಡೇ ದಿನಕ್ಕೆ; ಆಸ್ಪತ್ರೆಯವರು ರಜೆ ಕೊಡಲಿಲ್ಲ. ಮರುವರ್ಷ ಅದೂ ಆಗಲಿಲ್ಲ. ಬ್ರೇಕಕ್ಕನೇ ಬಸ್ಸು ಹತ್ತಿದಳು. ಬೇರೆಯವರ ಕೈಯಲ್ಲಿ ಸ್ಟಿಯರಿಂಗು, ಅವಳ ಕಾಲಡಿಯಲ್ಲಿ ಬರೀ ನೆಲ; ಹತ್ತು ಗಂಟೆಯ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಹೋಗಿ ಮುಟ್ಟಿದವಳು ಒಂದು ದಿನ ಪೂರ್ತಿ ಮಲಗಿದ್ದೇ ಆಯಿತು. ಉಳಿದ ವಾರಗಳಲ್ಲಿ ಫೋನಿನಲ್ಲಿ ತಂಗಿಯ ದನಿ ಕೇಳುವಳು, ಇಟ್ಟ ಮೇಲೆ ತಂಗಿಯ ಖಾಲಿ ಕೋಣೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುವಳು.

ಮೂರನೇ ವರ್ಷ, ಎಲೆ ಉದುರುವ ಹೊತ್ತಿಗೆ ಟೈರು ಸವೆದಿತ್ತು. ಅಂಗಡಿಯವನು ಅದೇ ಜಾತಿಯದ್ದನ್ನು ತೆಗೆಯಲು ಹೋದಾಗ ಅವಳು ತಡೆದಳು.

"ಬೇಡ, ಆ ಆಲ್ ಸೀಸನ್ ಹಾಕು."

"ಯೋಚನೆ ಮಾಡಿದ್ದೀರಾ ಅಕ್ಕಾ? ಆ ಮಜಾ ಇರಲ್ಲ."

"ಗೊತ್ತಪ್ಪ."

ಚಳಿ ಶುರುವಾದ ಮೇಲೆ ಒಂದು ದಿನ ನಸುಕಿನಲ್ಲೇ ತಂಗಿಯ ಊರಿಗೆ ಹೊರಟಳು. ಅವನು ಹೇಳಿದ್ದು ನಿಜವಾಗಿತ್ತು. ಬಂಡೆಯ ತಿರುವಿನಲ್ಲಿ ಕಾರು ತುಸು ಸಡಿಲವಾಯಿತು, ಅವಳು ಮೊದಲೇ ವೇಗ ತಗ್ಗಿಸಬೇಕಾಯಿತು. ಅಂಗೈ ಹಳೆಯ ಬಿಗಿಯನ್ನು ಹುಡುಕಿ ಸೋತಿತು. ಆಚೆ ಇಳಿಜಾರಿನಲ್ಲಿ ಹಿಮ ಹಿಟ್ಟು ಉದುರಿಸಿದ ಹಾಗೆ ಬಿದ್ದಿತ್ತು. ಟೈರು ಜಾರಲಿಲ್ಲ.

ಮಧ್ಯಾಹ್ನ ತಲುಪಿದಾಗ ತಂಗಿ ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು; ಎರಡು ಗಂಟೆಗೆ ಡ್ಯೂಟಿ. ಕಾರಿನೊಳಗೆ ಕೂತು ಕೈ ಉಜ್ಜಿಕೊಳ್ಳುತ್ತಾ, "ಆ ಟೈರು ತೆಗೆಸಿಬಿಟ್ಟೆಯಾ? ಬೇಜಾರಾಗಲಿಲ್ವಾ?" ಎಂದು ಕೇಳಿದಳು.

"ಆಯ್ತು. ಈಗಲೂ ಆಗ್ತಿದೆ," ಎಂದಳು ಅಕ್ಕ.

ತಂಗಿ ಗೇರಿನ ಮೇಲಿದ್ದ ಅಕ್ಕನ ಕೈಯ ಮೇಲೆ ತನ್ನ ಕೈಯಿಟ್ಟಳು. ಆಸ್ಪತ್ರೆಗೆ ಹತ್ತೇ ನಿಮಿಷದ ದಾರಿ. ಬ್ರೇಕಕ್ಕ ಕೆರೆಯ ಕಡೆಯಿಂದ ಸುತ್ತು ಹಾಕಿ ಹೋದಳು.